ಓದುವ ಪೆಟ್ಟಿಗೆ, ಹಾಡುವ ಪೆಟ್ಟಿಗೆ

ಅಟ್ಟದ ಮೇಲೆ ಹಳೇ ಡಿವಿಡಿ ಪ್ಲೇಯರ್ ಇದ್ದರೆ ಒಮ್ಮೆ ಕೆಳಗಿಳಿಸಿ. ಧೂಳು ಒರೆಸಿ ಅದರ ಬೆನ್ನು ನೋಡಿ. ಟಿವಿಗೆ ಸಿಕ್ಕಿಸುತ್ತಿದ್ದ ಹಳದಿ, ಬಿಳಿ, ಕೆಂಪು ಸಾಕೆಟ್‌ಗಳು ಇರುತ್ತವೆ. ಅವುಗಳ ಪಕ್ಕದಲ್ಲಿ ಬಹಳಷ್ಟು ಸಲ ಕಿತ್ತಳೆ ಅಥವಾ ಕಪ್ಪು ಬಣ್ಣದ ಇನ್ನೊಂದು ಸಾಕೆಟ್ ಇರುತ್ತದೆ, ಕೆಳಗೆ ‘ಕೋಆಕ್ಸಿಯಲ್’ ಎಂದು ಬರೆದಿರುತ್ತದೆ. ವರ್ಷಗಟ್ಟಲೆ ಮನೆಯಲ್ಲಿದ್ದರೂ ಅದಕ್ಕೆ ಯಾರೂ ವೈರ್ ಹಾಕಿರುವುದಿಲ್ಲ. ನಮ್ಮ ಮನೆಯಲ್ಲೂ ಹಾಕಿರಲಿಲ್ಲ.

ಆ ಸಾಕೆಟ್‌ನಿಂದ ಹೊರಗೆ ಬರುವುದು ಹಾಡಲ್ಲ, ಅಂಕಿಗಳು. ಅಂಕಿಗಳನ್ನು ಹಾಡು ಮಾಡುವ ಕೆಲಸ ಇನ್ನೊಂದು ಪೆಟ್ಟಿಗೆಯದು. ಆ ಪೆಟ್ಟಿಗೆಯ ಹೆಸರು ಡ್ಯಾಕ್. ಅಂಕಿಗಳನ್ನು ತಟ್ಟೆಯಿಂದ ಓದಿ ಕಳಿಸುವ ಪೆಟ್ಟಿಗೆಗೆ ಟ್ರಾನ್ಸ್‌ಪೋರ್ಟ್ ಅನ್ನುತ್ತಾರೆ. ಲಾರಿ ಟ್ರಾನ್ಸ್‌ಪೋರ್ಟ್ ನೆನಪಾದರೆ ತಪ್ಪಿಲ್ಲ. ಕೆಲಸ ಹೆಚ್ಚುಕಡಿಮೆ ಅದೇ: ಸರಕು ಹೊತ್ತು ತಂದು ಬಾಗಿಲಲ್ಲಿ ಇಳಿಸುವುದು. ಮೂಟೆ ಬಿಚ್ಚುವುದು ಅವರ ಕೆಲಸವಲ್ಲ.

ನಾವೆಲ್ಲ ನೋಡಿದ ಸಾಮಾನ್ಯ ಸಿಡಿ ಪ್ಲೇಯರ್‌ನಲ್ಲಿ ಇವೆರಡೂ ಒಂದೇ ಡಬ್ಬಿಯೊಳಗೆ ಇರುತ್ತವೆ. ಹಾಗಿದ್ದ ಮೇಲೆ ಬೇರೆ ಮಾಡುವುದು ಯಾಕೆ? ಮೊದಲ ಕಾರಣ ತೀರಾ ಸರಳ. ಸಿಡಿ ಪ್ಲೇಯರ್ ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಓದುವ ಭಾಗ. ರಿಪೇರಿಯವರು ‘ಲೆನ್ಸ್ ಹೋಗಿದೆ ಸಾರ್’ ಅನ್ನುತ್ತಾರಲ್ಲ, ಅದು. ತಿರುಗುವ, ಸರಿಯುವ, ಬಿಸಿಯಾಗುವ ಭಾಗಗಳು ಸವೆಯುತ್ತವೆ. ಡ್ಯಾಕ್‌ನಲ್ಲಿ ಅಲುಗುವ ಭಾಗವೇ ಇಲ್ಲ. ಎರಡೂ ಬೇರೆ ಇದ್ದರೆ ಕೆಟ್ಟದ್ದನ್ನಷ್ಟೇ ಬದಲಿಸಬಹುದು. ಜೊತೆಗೆ ಅದೇ ಡ್ಯಾಕ್‌ಗೆ ಟಿವಿ, ಕಂಪ್ಯೂಟರ್, ಮೊಬೈಲ್ ಎಲ್ಲವನ್ನೂ ಸೇರಿಸಬಹುದು.

ಎರಡನೇ ಕಾರಣ ‘ಬೇರೆ ಮಾಡಿದರೆ ಧ್ವನಿ ಚೆನ್ನಾಗಿರುತ್ತದೆ’ ಅನ್ನುವುದು. ಅಂಗಡಿಯವರು ಮೊದಲು ಹೇಳುವುದು ಇದನ್ನೇ. ಇದು ಅರ್ಧ ಸತ್ಯ. ಉಳಿದ ಅರ್ಧ ಏನು ಅಂತ ಗೊತ್ತಾಗಬೇಕಾದರೆ ತಟ್ಟೆಯಿಂದಲೇ ಶುರು ಮಾಡಬೇಕು.

ತಟ್ಟೆಯ ಮೇಲೆ ಏನಿದೆ

ಸಿಡಿಯ ನಿಯಮಗಳನ್ನು ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಬರೆದವು. ಸೋನಿಯ ಸಿಡಿಪಿ-101 ಪ್ಲೇಯರ್ 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಬೆಲೆ 1,68,000 ಯೆನ್. ಅವತ್ತಿನಿಂದ ಇವತ್ತಿನವರೆಗೆ ಆಡಿಯೊ ಸಿಡಿಯ ಲೆಕ್ಕ ಬದಲಾಗಿಲ್ಲ. ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆಯುವುದು. ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದಾಗಿ ಬರೆಯುವುದು. ಎಡಕ್ಕೊಂದು, ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್.

44,100 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೂ ಬಹಳ ದಿನ ಅನ್ನಿಸುತ್ತಿತ್ತು. ಆಗ ಅಷ್ಟು ಅಂಕಿಗಳನ್ನು ತುಂಬಿಡಲು ಸಿಗುತ್ತಿದ್ದುದು ವಿಡಿಯೊ ಟೇಪ್ ಮಾತ್ರ. ಅಂಕಿಗಳನ್ನು ಟಿವಿ ಚಿತ್ರದ ಗೆರೆಗಳ ಹಾಗೆ ವೇಷ ಹಾಕಿಸಿ ಟೇಪಿಗೆ ಬರೆಯುತ್ತಿದ್ದರು. ಗೆರೆಗೆ 3 ಅಳತೆ, ಬಳಸಬಹುದಾದ 245 ಗೆರೆ, ಸೆಕೆಂಡಿಗೆ 60 ಸಲ: 44,100. ಯುರೋಪಿನ ಟಿವಿಯಲ್ಲಿ 294 ಗೆರೆ, 50 ಸಲ. ಅಲ್ಲೂ 44,100. ಎರಡೂ ಕಡೆ ಕೂಡಿಬಂದ ಸಂಖ್ಯೆ ಅದು. ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೊಹರ್ಟ್ಸ್ ಕೇಳಿಸುತ್ತದೆ. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಅಳೆದರೆ ಸಾಕು. 44,100 ಸಾಕಾಗುತ್ತದೆ.

ಈ ಅಂಕಿಗಳು ತಟ್ಟೆಯ ಮೇಲೆ ಸಣ್ಣ ಗುಳಿಗಳಾಗಿ, ಒಂದೇ ಸುರುಳಿಯಲ್ಲಿ, ಒಳಗಿನಿಂದ ಹೊರಗೆ ಸಾಗುತ್ತವೆ. ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್ ಅಂತರ. ಬಿಚ್ಚಿ ಎಳೆದರೆ ಸುರುಳಿ 5 ಕಿಲೋಮೀಟರಿಗೂ ಉದ್ದ. ಇಷ್ಟು ಸಣ್ಣದರ ಮೇಲೆ ಒಂದು ಕೂದಲಗಲದ ಗೀರು ಬಿದ್ದರೂ ನೂರಾರು ಗುಳಿಗಳು ಹೋದಂತೆ. ಆದರೂ ಹಾಡು ನಿಲ್ಲುವುದಿಲ್ಲ, ಅಲ್ವಾ? ಯಾಕೆಂದರೆ ತಟ್ಟೆಯಿಂದ ಓದುವುದು ಸೆಕೆಂಡಿಗೆ 14 ಲಕ್ಷ ಬಿಟ್ ಅಲ್ಲ, 43,21,800 ಬಿಟ್. ಅದರಲ್ಲಿ ಹಾಡಿನ ಪಾಲು ಮೂರರಲ್ಲೊಂದು. ಉಳಿದದ್ದು ಲೇಸರ್‌ಗೆ ಓದಲು ಹದವಾಗುವಂತೆ ಮಾಡಿದ ಬರವಣಿಗೆ, ದಾರಿಗುರುತುಗಳು, ಮತ್ತು ತಪ್ಪು ತಿದ್ದುವ ಲೆಕ್ಕ.

ಈ ತಿದ್ದುವ ಲೆಕ್ಕವನ್ನು ಅರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು 1960ರಲ್ಲಿ ಕಂಡುಹಿಡಿದರು. ಸಿಡಿಯಲ್ಲಿ ಅದಕ್ಕೆ ಇನ್ನೊಂದು ಉಪಾಯ ಸೇರಿಸಿದ್ದಾರೆ. ಪಕ್ಕಪಕ್ಕದ ಅಂಕಿಗಳನ್ನು ಪಕ್ಕಪಕ್ಕ ಬರೆಯುವುದಿಲ್ಲ, ದೂರದೂರ ಚೆಲ್ಲಿ ಬರೆಯುತ್ತಾರೆ. ಗೀರು ಒಂದೇ ಕಡೆ ಬಿದ್ದರೂ ನಷ್ಟ ಹಂಚಿಹೋಗುತ್ತದೆ. ಹಂಚಿಹೋದ ಸಣ್ಣ ನಷ್ಟಗಳನ್ನು ಲೆಕ್ಕ ಹಾಕಿ ತುಂಬಿಸಿಕೊಳ್ಳಬಹುದು. ಸುಮಾರು 4,000 ಬಿಟ್, ಅಂದರೆ ಸುರುಳಿಯ ಮೇಲೆ ಸುಮಾರು 2.5 ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ ಮೂಲ ಅಂಕಿಗಳು ಚಾಚೂ ತಪ್ಪದೆ ವಾಪಸ್ ಸಿಗುತ್ತವೆ. ಅಂದಾಜಲ್ಲ, ಅದೇ ಅಂಕಿಗಳು. ಅದಕ್ಕಿಂತ ದೊಡ್ಡ ಗಾಯವಾದರೆ ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ನಡುವಿನದನ್ನು ಊಹಿಸುತ್ತದೆ. ಅದೂ ಆಗದಿದ್ದರೆ ಸದ್ದು ನಿಲ್ಲಿಸುತ್ತದೆ, ಇಲ್ಲವೇ ಟಕಟಕ ಅನ್ನುತ್ತದೆ.

ತಟ್ಟೆ ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಅನ್ನುವುದು ಇದಕ್ಕೇ. ದೋಸೆ ಹುಯ್ಯುವ ಹಾಗೆ ಸುತ್ತ ಒರೆಸಿದರೆ ಬೀಳುವ ಗೀರು ಸುರುಳಿಯ ಉದ್ದಕ್ಕೇ ಹೋಗುತ್ತದೆ. ಇನ್ನೊಂದು ಮಾತು. ಹೆಸರು ಅಚ್ಚಾದ ಮೇಲ್ಬದಿಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಗುಳಿಗಳಿರುವ ಹೊಳೆಯುವ ಪದರ ಇರುವುದು ಆ ಅಚ್ಚಿನ ಕೆಳಗೇ. ಅಲ್ಲಿ ಕೆರೆದರೆ ಯಾವ ಲೆಕ್ಕವೂ ಕಾಪಾಡುವುದಿಲ್ಲ.

ತಟ್ಟೆ ಒಂದೇ ವೇಗದಲ್ಲೂ ತಿರುಗುವುದಿಲ್ಲ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಕೊನೆಗೆ ಸುಮಾರು 200. ಕ್ಯಾಸೆಟ್ ಕಾಲದ ನಮಗೆ ತಕ್ಷಣ ಒಂದು ಭಯ: ಮೋಟಾರ್ ಚೂರು ಅಲುಗಿದರೆ ಹಾಡೂ ಅಲುಗುತ್ತದಲ್ಲ? ಇಲ್ಲ. ನಮ್ಮ ತಾರಸಿಯ ಮೇಲಿನ ನೀರಿನ ಟ್ಯಾಂಕ್ ನೋಡಿ. ಸಂಪಿನಿಂದ ಮೋಟಾರ್ ಒಮ್ಮೆ ಜೋರಾಗಿ, ಒಮ್ಮೆ ಗಾಳಿ ಎಳೆಯುತ್ತಾ ನೀರು ಹತ್ತಿಸುತ್ತದೆ. ಬಚ್ಚಲಿನ ನಲ್ಲಿಗೆ ಅದು ಗೊತ್ತೇ ಆಗುವುದಿಲ್ಲ. ಟ್ರಾನ್ಸ್‌ಪೋರ್ಟ್‌ನಲ್ಲೂ ಅಂಥ ಒಂದು ಪುಟ್ಟ ಟ್ಯಾಂಕ್ ಇದೆ. ಲೇಸರ್ ಓದಿದ ಅಂಕಿಗಳು ಅಲ್ಲಿ ತುಂಬುತ್ತವೆ. ಅಲ್ಲಿಂದ ಹೊರಗೆ ಬಿಡುವುದು ಒಂದು ಕ್ವಾರ್ಟ್ಜ್ ಹರಳಿನ ಗಡಿಯಾರ. ತಟ್ಟೆಯ ಓಟಕ್ಕೂ ಹೊರಬರುವ ಅಂಕಿಗಳ ಲಯಕ್ಕೂ ನೇರ ಸಂಬಂಧ ಅಲ್ಲಿಗೇ ಕಡಿಯುತ್ತದೆ.

ಹಾಗಾದರೆ ಅಂಕಿಗಳು ಸರಿ ಬಂದವು. ಹತ್ತು ಸಾವಿರದ ಟ್ರಾನ್ಸ್‌ಪೋರ್ಟ್‌ನಿಂದಲೂ ಅವೇ ಅಂಕಿ, ಹತ್ತು ಲಕ್ಷದ್ದರಿಂದಲೂ ಅವೇ ಅಂಕಿ. ಜಗಳ ಎಲ್ಲಿದೆ?

ತಾಳ ಹಾಕುವವರು ಯಾರು

ಜಗಳ ಇರುವುದು ಹೊತ್ತಿನಲ್ಲಿ. ಪ್ರತಿ ಅಂಕಿಯನ್ನೂ ಸರಿಯಾಗಿ 22.7 ಮೈಕ್ರೊಸೆಕೆಂಡ್‌ಗೆ ಒಂದರಂತೆ ವೋಲ್ಟೇಜ್ ಮಾಡಬೇಕು. ಅಂಕಿ ಸರಿ ಇದ್ದು ಹೊತ್ತು ತಪ್ಪಿದರೆ ಅಲೆಯ ಆಕಾರ ಕೆಡುತ್ತದೆ. ಮೆಲ್ಲಗೆ ಏರುವ ಅಲೆಯಲ್ಲಿ, ಅಂದರೆ ಮಂದ್ರದ ಸ್ವರಗಳಲ್ಲಿ, ಚೂರು ಹಿಂದೆಮುಂದೆ ಆದರೆ ಏನೂ ಆಗದು. ಸರ್ರನೆ ಏರುವ ಅಲೆಯಲ್ಲಿ ಅಷ್ಟೇ ತಪ್ಪು ದೊಡ್ಡದಾಗುತ್ತದೆ. ಹೊತ್ತಿನ ಈ ಅಲುಗಾಟಕ್ಕೆ ಜಿಟರ್ ಅನ್ನುತ್ತಾರೆ.

ಒಂದೇ ಡಬ್ಬಿಯ ಸಿಡಿ ಪ್ಲೇಯರ್‌ನಲ್ಲಿ ಇದು ದೊಡ್ಡ ಕಷ್ಟವಲ್ಲ. ಒಂದೇ ಹರಳು ಗಡಿಯಾರ. ಅದು ಡ್ಯಾಕ್ ಚಿಪ್‌ನ ಪಕ್ಕದಲ್ಲೇ ಕೂತಿರುತ್ತದೆ. ಎರಡು ಪೆಟ್ಟಿಗೆ ಮಾಡಿದ ಕೂಡಲೇ ಗಡಿಯಾರ ಒಂದು ಮನೆಯಲ್ಲಿ, ಕೆಲಸ ಇನ್ನೊಂದು ಮನೆಯಲ್ಲಿ. ಧ್ವನಿ ಚೆನ್ನಾಗಲಿ ಅಂತ ಬೇರೆ ಮಾಡಿದೆವು. ಬೇರೆ ಮಾಡಿದ್ದರಿಂದಲೇ ಒಂದು ಹೊಸ ಕಷ್ಟ ಹುಟ್ಟಿತು. ಅಂಗಡಿಯವರು ಹೇಳದ ಅರ್ಧ ಇದು.

ಎರಡು ಪೆಟ್ಟಿಗೆಗಳ ನಡುವಿನ ವೈರಿನಲ್ಲಿ ಹರಿಯುವ ಭಾಷೆಯನ್ನೂ ಸೋನಿ ಮತ್ತು ಫಿಲಿಪ್ಸ್ ಸೇರಿಯೇ ಮಾಡಿದ್ದು. ಹೆಸರೂ ಅವರದೇ: ಎಸ್‌ಪಿಡಿಐಎಫ್. ಮೊದಲ ಎರಡು ಅಕ್ಷರ ಸೋನಿ, ಫಿಲಿಪ್ಸ್. ಇದರಲ್ಲಿ ಅಂಕಿಗೆ ಒಂದು ತಂತಿ, ಗಡಿಯಾರಕ್ಕೆ ಇನ್ನೊಂದು ತಂತಿ ಅಂತಿಲ್ಲ. ಎರಡನ್ನೂ ಹೆಣೆದು ಒಂದರಲ್ಲೇ ಕಳಿಸುತ್ತಾರೆ. ಕಛೇರಿಯಲ್ಲಿ ಹಾಡುಗಾರರು ತೊಡೆಯ ಮೇಲೆ ತಾಳ ಹಾಕುತ್ತಾರೆ, ಮೃದಂಗದವರು ಆ ಕೈ ನೋಡುತ್ತಾರೆ. ಈಗ ನಡುವೆ ಪರದೆ ಕಟ್ಟಿ. ಮೃದಂಗದವರು ಹಾಡು ಕೇಳಿಸಿಕೊಂಡೇ ತಾಳ ಎಲ್ಲಿ ಬೀಳುತ್ತಿದೆ ಅಂತ ಊಹಿಸಬೇಕು. ಡ್ಯಾಕ್‌ನ ಸ್ಥಿತಿ ಅದು. ಬಂದ ಅಂಕಿಗಳ ಏರಿಳಿತದಿಂದಲೇ ಅದು ಗಡಿಯಾರವನ್ನು ಮರಳಿ ಕಟ್ಟಿಕೊಳ್ಳಬೇಕು. ವೈರಿನಲ್ಲಿ ಸಿಗ್ನಲ್‌ನ ಅಂಚು ಸ್ವಲ್ಪ ಮಸುಕಾದರೆ ಊಹೆಯೂ ಸ್ವಲ್ಪ ಮಸುಕು.

ಇದಕ್ಕೆ ಮೂರು ಬಗೆಯ ಮದ್ದು ಬಂದಿವೆ. ಹಳೆಯದು ಪಿಎಲ್‌ಎಲ್ ಎಂಬ ಸರ್ಕ್ಯೂಟ್. ಅನುಭವಿ ಮೃದಂಗದವರ ಹಾಗೆ ಅದು ಒಂದೊಂದು ಪೆಟ್ಟಿನ ಹಿಂದೆ ಓಡುವುದಿಲ್ಲ, ಒಟ್ಟಾರೆ ನಡೆ ಹಿಡಿಯುತ್ತದೆ. ಬೇಗಬೇಗನೆ ಆಗುವ ಅಲುಗಾಟ ಅಲ್ಲಿಗೆ ಇಳಿಯುತ್ತದೆ. ನಿಧಾನದ ಅಲುಗಾಟ ಉಳಿಯುತ್ತದೆ.

ಎರಡನೆಯದು, ಬಂದ ಅಂಕಿಗಳನ್ನು ಡ್ಯಾಕ್ ತನ್ನದೇ ಟ್ಯಾಂಕಿನಲ್ಲಿ ತುಂಬಿಸಿ, ತನ್ನದೇ ಹರಳಿನ ತಾಳಕ್ಕೆ ಹೊರಬಿಡುವುದು. ಕೇಳಲು ಸುಲಭ. ಆದರೆ ಎರಡು ಹರಳುಗಳು ಎಂದೂ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ. 74 ನಿಮಿಷದ ಸಿಡಿ ಮುಗಿಯುವಾಗ ಸುಮಾರು 0.22 ಸೆಕೆಂಡ್ ಹಿಂದೆಮುಂದೆ ಆಗಿರುತ್ತದೆ. ಟ್ಯಾಂಕ್ ಅಷ್ಟನ್ನು ತಡೆದುಕೊಳ್ಳಬೇಕು. ಸಿಡಿ ಕೇಳುವವರಿಗೆ ಕಾಲು ಸೆಕೆಂಡ್ ತಡವಾದರೆ ಏನೂ ನಷ್ಟವಿಲ್ಲ. ಅದೇ ಡ್ಯಾಕ್‌ಗೆ ಟಿವಿ ಹಾಕಿದರೆ ತುಟಿ ಅಲುಗಿದ ಮೇಲೆ ಮಾತು ಬರುತ್ತದೆ.

ಮೂರನೆಯದು ಇವತ್ತು ಹೆಚ್ಚು ಬಳಕೆಯಲ್ಲಿದೆ. ಬಂದ ಅಂಕಿಗಳನ್ನು ಡ್ಯಾಕ್ ತನ್ನ ತಾಳಕ್ಕೆ ಹೊಂದುವಂತೆ ಲೆಕ್ಕ ಹಾಕಿ ಹೊಸದಾಗಿಯೇ ಬರೆದುಕೊಳ್ಳುತ್ತದೆ. ಅಮೆರಿಕದ ಇಎಸ್‌ಎಸ್ ಕಂಪನಿಯ ಚಿಪ್‌ಗಳಲ್ಲಿ ಈ ವ್ಯವಸ್ಥೆ ಒಳಗೇ ಇದೆ. ಅಂಥ ಡ್ಯಾಕ್‌ಗಳ ಮೆನುವಿನಲ್ಲಿ ಕೆಲವೊಮ್ಮೆ ಡಿಪಿಎಲ್‌ಎಲ್ ಎಂಬ ಒಂದು ಆಯ್ಕೆ ಕಾಣುತ್ತದೆ. ಅದನ್ನು ಬಿಗಿ ಮಾಡಿದರೆ ಡ್ಯಾಕ್ ಹೊರಗಿನ ತಾಳವನ್ನು ಕಡಿಮೆ ನಂಬುತ್ತದೆ. ನನ್ನ ಹಳೇ ಡಿವಿಡಿ ಪ್ಲೇಯರ್ ಹಾಕಿದಾಗ ಹತ್ತು ನಿಮಿಷಕ್ಕೊಮ್ಮೆ ಚಿಟ್ ಅಂತ ಸದ್ದು ನಿಂತು ಮತ್ತೆ ಬರುತ್ತಿತ್ತು. ತಟ್ಟೆ ಒರೆಸಿದೆ, ವೈರ್ ಬದಲಿಸಿದೆ, ಅರ್ಧ ಭಾನುವಾರ ಕಳೆಯಿತು. ಕೊನೆಗೆ ಆ ಆಯ್ಕೆಯನ್ನು ಎರಡು ಮೆಟ್ಟಿಲು ಸಡಿಲ ಮಾಡಿದೆ. ಸರಿಹೋಯಿತು. ಪ್ಲೇಯರ್‌ನ ಗಡಿಯಾರ ಅಷ್ಟು ಓಲಾಡುತ್ತಿತ್ತು, ಅಷ್ಟೇ.

ನಿಜವಾದ ಪರಿಹಾರ ತಲೆಕೆಳಗು ಮಾಡುವುದು: ತಾಳ ಡ್ಯಾಕ್ ಹಾಕಲಿ, ಟ್ರಾನ್ಸ್‌ಪೋರ್ಟ್ ಅದನ್ನು ಅನುಸರಿಸಲಿ. ಇದು ಹೊಸ ಯೋಚನೆಯೇನಲ್ಲ. ಸ್ಕಾಟ್ಲೆಂಡಿನ ಲಿನ್ ಕಂಪನಿ 1990ರ ದಶಕದ ಮೊದಲಲ್ಲೇ ಕಾರಿಕ್ ಎಂಬ ಓದುವ ಪೆಟ್ಟಿಗೆ, ನ್ಯೂಮೆರಿಕ್ ಎಂಬ ಡ್ಯಾಕ್ ಮಾಡಿ, ಗಡಿಯಾರಕ್ಕೆಂದೇ ಹಿಂದಿರುಗುವ ಪ್ರತ್ಯೇಕ ತಂತಿ ಕೊಟ್ಟಿತ್ತು. ಆದರೆ ಇದು ಒಂದೇ ಕಂಪನಿಯ ಜೋಡಿಗಳಲ್ಲಿ ಮಾತ್ರ ನಡೆಯುವ ಮಾತು. ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕ ಕೇಳುವಾಗ ಈಗಿನ ಡ್ಯಾಕ್‌ಗಳು ಮಾಡುವುದೂ ಇದನ್ನೇ. ಬೇಕಾದಷ್ಟು ಅಂಕಿ ತಾವೇ ಕೇಳಿ ಪಡೆಯುತ್ತವೆ. ಕೆಲವು ಟ್ರಾನ್ಸ್‌ಪೋರ್ಟ್‌ಗಳಲ್ಲಿ ಐ2ಎಸ್ ಎಂಬ ಇನ್ನೊಂದು ದಾರಿ ಇರುತ್ತದೆ. ಇದರಲ್ಲಿ ಅಂಕಿ ಬೇರೆ, ಗಡಿಯಾರ ಬೇರೆ ತಂತಿ. ಎಚ್‌ಡಿಎಂಐ ಕೇಬಲ್ಲನ್ನೇ ಬಳಸುತ್ತಾರೆ. ಯಾವ ಪಿನ್‌ಗೆ ಯಾವುದು ಅಂತ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಎರಡು ಕಂಪನಿಯದನ್ನು ಸೇರಿಸುವ ಮುಂಚೆ ಮ್ಯಾನುಯಲ್ ಓದಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಣ್ಣೀರು. ಡಾಲ್ಬಿ ಸಂಸ್ಥೆಯ ಬೆಂಜಮಿನ್ ಮತ್ತು ಗ್ಯಾನನ್ 1998ರಲ್ಲಿ ಜನರನ್ನು ಕೂರಿಸಿ, ಬೇಕೆಂದೇ ಜಿಟರ್ ಸೇರಿಸಿ ಕೇಳಿಸಿದರು. ಎತ್ತರದ ಶುದ್ಧ ಸ್ವರದಲ್ಲಿ ಸುಮಾರು 10 ನ್ಯಾನೊಸೆಕೆಂಡ್ ಆಗುವವರೆಗೆ, ಸಂಗೀತದಲ್ಲಿ ಸುಮಾರು 20 ನ್ಯಾನೊಸೆಕೆಂಡ್ ಆಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಇವತ್ತಿನ ಸಾಧಾರಣ ಡ್ಯಾಕ್‌ಗಳಲ್ಲೂ ಜಿಟರ್ 1 ನ್ಯಾನೊಸೆಕೆಂಡಿಗಿಂತ ಕಡಿಮೆ ಇರುವುದು ಮಾಮೂಲು. ಹಾಗಾಗಿ ನನ್ನ ಲೆಕ್ಕ ಹೀಗೆ. ಡ್ಯಾಕ್ ಹೊಸದಾಗಿದ್ದು ತನ್ನ ತಾಳವನ್ನು ತಾನೇ ನೋಡಿಕೊಳ್ಳುವಂಥದ್ದಾದರೆ, ಟ್ರಾನ್ಸ್‌ಪೋರ್ಟ್‌ನ ಗಡಿಯಾರಕ್ಕೆ ದುಡ್ಡು ಸುರಿಯುವುದು ದಂಡ. ಡ್ಯಾಕ್ 1990ರ ಕಾಲದ್ದಾದರೆ ಮಾತು ಬೇರೆ. ಅಲ್ಲಿ ಒಳ್ಳೆಯ ಟ್ರಾನ್ಸ್‌ಪೋರ್ಟ್ ನಿಜಕ್ಕೂ ಉಪಯೋಗಕ್ಕೆ ಬರಬಹುದು.

ಡ್ಯಾಕ್‌ನ ಒಳಗೆ

ಇದನ್ನು ಬೇಗ ಮುಗಿಸುತ್ತೇನೆ. ಅಂಕಿಯನ್ನು ವೋಲ್ಟೇಜ್ ಮಾಡಲು ಮುಖ್ಯವಾಗಿ ಎರಡು ದಾರಿ. ಒಂದು, ರೆಸಿಸ್ಟರ್‌ಗಳ ಏಣಿ. ಒಂದೊಂದು ಬಿಟ್‌ಗೂ ಒಂದು ಮೆಟ್ಟಿಲು. 16 ಬಿಟ್‌ನಲ್ಲಿ ಅತಿ ದೊಡ್ಡ ಬಿಟ್‌ನ ತೂಕ ಎಷ್ಟು ಕರಾರುವಾಕ್ಕಾಗಿ ಇರಬೇಕೆಂದರೆ, ಅದರ ತಪ್ಪು ಅತಿ ಚಿಕ್ಕ ಬಿಟ್‌ಗಿಂತ ಚಿಕ್ಕದಿರಬೇಕು. ಬಂಗಾರದಂಗಡಿಯ ತಕ್ಕಡಿಯಲ್ಲಿ ಲಾರಿ ತೂಗಿದ ಹಾಗೆ. ಫಿಲಿಪ್ಸ್‌ಗೆ 1982ರಲ್ಲಿ ಕೈಲಿದ್ದುದು 14 ಬಿಟ್‌ನ ಚಿಪ್ ಮಾತ್ರ. ಅವರು ಅದನ್ನೇ ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ತಪ್ಪನ್ನು ಕಿವಿಗೆ ಕೇಳದಷ್ಟು ಮೇಲಕ್ಕೆ ತಳ್ಳಿ 16 ಬಿಟ್‌ನ ಕೆಲಸ ತೆಗೆದರು. ಸೋನಿಯ ಸಿಡಿಪಿ-101ರಲ್ಲಿ 16 ಬಿಟ್‌ನ ಡ್ಯಾಕ್ ಇತ್ತು. ಆದರೆ ಒಂದೇ. ಎಡ, ಬಲ ಎರಡಕ್ಕೂ ಅದೇ ಸರದಿಯಲ್ಲಿ ದುಡಿಯುತ್ತಿತ್ತು. ಎರಡರ ನಡುವೆ 11 ಮೈಕ್ರೊಸೆಕೆಂಡ್ ಅಂತರ. ಕೇಳಿದವರು ಯಾರೂ ಓಡಿಹೋಗಲಿಲ್ಲ.

ಇನ್ನೊಂದು ದಾರಿ ಡೆಲ್ಟಾ-ಸಿಗ್ಮಾ. ಫಿಲಿಪ್ಸ್‌ನ ಆ ಉಪಾಯವನ್ನೇ ಬಹಳ ದೂರ ಒಯ್ದದ್ದು. ಕೆಲವೇ ಮೆಟ್ಟಿಲು, ಆದರೆ ಭಯಂಕರ ವೇಗ. ಈಗಿನ ಹೆಚ್ಚಿನ ಡ್ಯಾಕ್‌ಗಳು ಇವೇ. ಏಣಿಯವು ಈಗಲೂ ಸಿಗುತ್ತವೆ. ಅವುಗಳಲ್ಲಿ ‘ಎನ್‌ಒಎಸ್’ ಎಂಬ ಬಗೆಯಲ್ಲಿ ವೇಗ ಹೆಚ್ಚಿಸುವ ಹಂತವನ್ನೇ ಬಿಟ್ಟಿರುತ್ತಾರೆ. ಅದರ ಧ್ವನಿ ‘ಮೃದು’ ಅಂತ ಮೆಚ್ಚುವವರು ಬಹಳ. ಅದಕ್ಕೆ ಸರಳ ಕಾರಣ ಇದೆ. ಈ ಬಗೆಯಲ್ಲಿ 20 ಕಿಲೊಹರ್ಟ್ಸ್‌ನಲ್ಲಿ ಸದ್ದು ಸುಮಾರು 3.2 ಡೆಸಿಬೆಲ್ ಇಳಿದಿರುತ್ತದೆ. ಟ್ರೆಬಲ್ ಗುಂಡಿಯನ್ನು ಚೂರು ತಿರುಗಿಸಿದ ಹಾಗೆ. ಇಷ್ಟವಾದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಮಾಯೆಯಂತೂ ಅಲ್ಲ.

ಡಿಜಿಟಲ್ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಹೊರಬರುತ್ತದೆ ಅನ್ನುವ ಚಿತ್ರ ಎಲ್ಲ ಕಡೆ ಓಡಾಡುತ್ತದೆ. ಸಾಮಾನ್ಯ ಡ್ಯಾಕ್‌ನ ಕೊನೆಯ ಫಿಲ್ಟರ್ ದಾಟಿದ ಮೇಲೆ ಮೆಟ್ಟಿಲು ಉಳಿಯುವುದಿಲ್ಲ. ನಯವಾದ ಅಲೆಯೇ ಹೊರಬರುತ್ತದೆ.

ವೈರ್ ಹಾಕುವ ಹೊತ್ತು

ಟ್ರಾನ್ಸ್‌ಪೋರ್ಟ್‌ನಿಂದ ಡ್ಯಾಕ್‌ಗೆ ಎರಡು ದಾರಿಗಳಲ್ಲಿ ಒಂದು. ಕೋಆಕ್ಸಿಯಲ್ ಅಂದರೆ ತಾಮ್ರದ ತಂತಿ, 75 ಓಮ್‌ನದು. ಹಳೇ ಟಿವಿಯ ಹಳದಿ ವಿಡಿಯೊ ವೈರ್ ಕೂಡ 75 ಓಮ್‌ನದೇ ಆಗಬೇಕು, ಹಾಗಾಗಿ ಚೆನ್ನಾಗಿರುವುದೊಂದು ಮನೆಯಲ್ಲಿದ್ದರೆ ಅದೇ ಸಾಕು. ಇನ್ನೊಂದು ಆಪ್ಟಿಕಲ್. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್. ಇದರಲ್ಲಿ ಕೆಂಪು ಬೆಳಕು ಹೋಗುತ್ತದೆ. ಗಡಿಯಾರದ ಲೆಕ್ಕದಲ್ಲಿ ಕೋಆಕ್ಸಿಯಲ್ ಒಂದು ಕೂದಲು ಮೇಲು. ಆದರೆ ಆಪ್ಟಿಕಲ್‌ನಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ. ನಮ್ಮ ಮನೆಗಳಲ್ಲಿ ಇದು ದೊಡ್ಡ ಗುಣ.

ಹಿಂದೆ ಇದ್ದ ಬಾಡಿಗೆ ಮನೆಯಲ್ಲಿ ಮೂರು ಪಿನ್ ಸಾಕೆಟ್ ಇತ್ತು, ಮೂರನೇ ಪಿನ್‌ನ ಹಿಂದೆ ಅರ್ತಿಂಗ್ ಸರಿ ಇರಲಿಲ್ಲ. ಕೋಆಕ್ಸಿಯಲ್ ಹಾಕಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ 50 ಹರ್ಟ್ಸ್‌ನ ತಂಬೂರಿ. ಶ್ರುತಿಯೂ ಸರಿ ಇಲ್ಲದ ತಂಬೂರಿ. ಆಪ್ಟಿಕಲ್ ಹಾಕಿದೆ, ನಿಂತಿತು. ಹಮ್ ಬಂದರೆ ಅರ್ತ್ ಪಿನ್ ಕಿತ್ತುಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ, ಅದು ಜೀವದ ಪ್ರಶ್ನೆ. ಆಪ್ಟಿಕಲ್ ಕೇಬಲ್ ಅಗ್ಗ.

ಡ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ಮಾಮೂಲಿ ಕೆಂಪು ಬಿಳಿ ವೈರ್. ಅದನ್ನು ‘ಸಿಡಿ’, ‘ಆಕ್ಸ್’ ಅಥವಾ ‘ಲೈನ್’ ಅಂತ ಬರೆದ ಕಡೆ ಹಾಕಿ. ‘ಫೋನೊ’ ಅಂತ ಇರುವ ಕಡೆ ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ ಜಾಗ. ಡ್ಯಾಕ್ ಕೊಡುವುದು ಸುಮಾರು 2 ವೋಲ್ಟ್. ಪಿಸುಮಾತಿಗೆ ಇಟ್ಟ ಕಿವಿಯಲ್ಲಿ ಕಿರುಚಿದ ಹಾಗಾಗುತ್ತದೆ. ಕೆಲವು ಡ್ಯಾಕ್‌ಗಳಲ್ಲಿ ವಾಲ್ಯೂಮ್ ಗುಂಡಿಯೂ ಇರುತ್ತದೆ. ಆಂಪ್ಲಿಫೈಯರ್‌ನಲ್ಲಿ ಇನ್ನೊಂದು ಇದ್ದರೆ, ಡ್ಯಾಕ್‌ನದನ್ನು ಪೂರ್ತಿ ಮೇಲಿಟ್ಟು ಆಂಪ್ಲಿಫೈಯರ್‌ನದನ್ನೇ ಬಳಸಿ.

ಡಿವಿಡಿ ಪ್ಲೇಯರನ್ನು ಟ್ರಾನ್ಸ್‌ಪೋರ್ಟ್ ಮಾಡುವವರು ಮೊದಲ ಸಲ ಟಿವಿಗೆ ಸೇರಿಸಿ ಮೆನು ತೆರೆಯಬೇಕು. ಆಡಿಯೊ ಸೆಟಪ್‌ನಲ್ಲಿ ಡಿಜಿಟಲ್ ಔಟ್ ಅಂತ ಇರುತ್ತದೆ. ಅದು ಆಫ್ ಆಗಿದ್ದರೆ ಏನೂ ಬರುವುದಿಲ್ಲ. ‘ಪಿಸಿಎಂ’ ಮಾಡಿ. ಡ್ಯಾಕ್‌ನಲ್ಲಿ ಅಂಕಿ ತೋರಿಸುವ ಪರದೆ ಇದ್ದರೆ ಸಿಡಿ ಹಾಕಿದಾಗ 44.1 ಅಂತ ಬರಬೇಕು. 48 ಬಂದರೆ ಪ್ಲೇಯರ್ ಸರಕಿನ ಮೂಟೆ ಬಿಚ್ಚಿ ಮತ್ತೆ ಕಟ್ಟಿದೆ ಅಂತ ಅರ್ಥ. ಕೆಲವು ಡಿವಿಡಿ ಪ್ಲೇಯರ್‌ಗಳಿಗೆ ಈ ಅಭ್ಯಾಸ ಇದೆ.

ಯಾವ ಟ್ರಾನ್ಸ್‌ಪೋರ್ಟ್

ಬರೀ ಓದುವ ಪೆಟ್ಟಿಗೆ ಅಂತಲೇ ಮಾಡಿದ್ದು ಬೇಕೆಂದರೆ ಕೇಂಬ್ರಿಡ್ಜ್ ಆಡಿಯೊದ ಸಿಎಕ್ಸ್‌ಸಿ, ಆಡಿಯೊಲ್ಯಾಬ್‌ನ 6000ಸಿಡಿಟಿ ತರಹದವು ಇವೆ. ಟ್ರಾನ್ಸ್‌ಪೋರ್ಟ್ ಕೊಳ್ಳುವಾಗ ನಾನು ನೋಡುವುದು ಧ್ವನಿಯನ್ನಲ್ಲ, ಯಂತ್ರವನ್ನು. ಟ್ರೇ ಗಡಗಡ ಅನ್ನದೆ ಬರುತ್ತದೆಯೇ? ತಟ್ಟೆ ಹಾಕಿ ಎಷ್ಟು ಸೆಕೆಂಡಿಗೆ ಹಾಡು ಶುರು? ಮನೆಯಲ್ಲಿರುವ ಅತಿ ಗೀರಾದ ತಟ್ಟೆಯನ್ನು ಅಂಗಡಿಗೆ ಒಯ್ಯಿರಿ, ಅದು ಓಡಬೇಕು. ಎಲ್ಲಕ್ಕಿಂತ ಮುಖ್ಯ, ಒಳಗಿರುವ ಲೆನ್ಸ್ ಯಾವುದು? ಸೋನಿಯ ಕೆಎಸ್‌ಎಸ್-213, ಸ್ಯಾನ್ಯೊದ ಎಸ್‌ಎಫ್-ಪಿ101ಎನ್ ತರಹ ಲೆಕ್ಕವಿಲ್ಲದಷ್ಟು ಪ್ಲೇಯರ್‌ಗಳಲ್ಲಿ ಬಂದ ಮಾದರಿಯಾದರೆ ಬದಲಿ ಹುಡುಕುವುದು ಸುಲಭ. ಹಳೇ ಕಾಲದ ಹೆಸರಾಂತ ಯಂತ್ರವೊಂದರ ಲೆನ್ಸ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡ್ ಅಲೆದವರಿಗೆ ಈ ಮಾತಿನ ಬೆಲೆ ಗೊತ್ತು. ಸಿಕ್ಕರೂ ಅದು ಯಾರೋ ಬಿಚ್ಚಿದ್ದೇ ಆಗಿರುತ್ತದೆ.

ನಮ್ಮ ಕಪಾಟಿನಲ್ಲಿರುವ ತಟ್ಟೆಗಳನ್ನೂ ಒಮ್ಮೆ ನೋಡಿಕೊಳ್ಳಿ. ಕನ್ನಡ ಹಾಡುಗಳ ಎಂಪಿ3 ಸಿಡಿಗಳು ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಿದ್ದವು, ಒಂದರಲ್ಲಿ ನೂರಕ್ಕೂ ಮೇಲೆ ಹಾಡು. ನೋಡಲು ಅದೇ ತಟ್ಟೆ, ಒಳಗಿರುವುದು ಕಂಪ್ಯೂಟರ್ ಫೈಲ್‌ಗಳು. ಶುದ್ಧ ಟ್ರಾನ್ಸ್‌ಪೋರ್ಟ್‌ಗೆ ಅವು ಅರ್ಥವಾಗುವುದಿಲ್ಲ, ಸುಮ್ನೆ ಮೌನ ಕೇಳಿಸುತ್ತದೆ. ಡಿವಿಡಿ ಪ್ಲೇಯರ್ ಗೆಲ್ಲುವುದು ಇಲ್ಲಿ. ಮನೆಯಲ್ಲಿ ಬರ್ನ್ ಮಾಡಿದ ಸಿಡಿಗಳು ಬಹುತೇಕ ಓಡುತ್ತವೆ. ಅಳಿಸಿ ಬರೆಯುವ ಆರ್‌ಡಬ್ಲ್ಯು ತಟ್ಟೆಗಳು ಬೆಳಕನ್ನು ಬಹಳ ಕಡಿಮೆ ಹಿಂದಿರುಗಿಸುತ್ತವೆ, ಹಾಗಾಗಿ ಕೆಲವು ಟ್ರಾನ್ಸ್‌ಪೋರ್ಟ್‌ಗಳು ಅವನ್ನು ಮುಟ್ಟುವುದಿಲ್ಲ.

ಇನ್ನೊಂದು ಒಳಗುಟ್ಟು. 1980ರ ದಶಕದ ಕೆಲವು ಸಿಡಿಗಳಲ್ಲಿ, ಅದರಲ್ಲೂ ಜಪಾನಿನವುಗಳಲ್ಲಿ, ಮೇಲಿನ ಸ್ವರಗಳನ್ನು ಬೇಕೆಂದೇ ಏರಿಸಿ ಬರೆದಿದ್ದಾರೆ. 20 ಕಿಲೊಹರ್ಟ್ಸ್‌ನಲ್ಲಿ ಇದು 9-10 ಡೆಸಿಬೆಲ್‌ವರೆಗೆ ಹೋಗುತ್ತದೆ. ಇದಕ್ಕೆ ಪ್ರಿ-ಎಂಫಸಿಸ್ ಅನ್ನುತ್ತಾರೆ. ಹಾಡಿಸುವಾಗ ಅಷ್ಟೇ ಇಳಿಸಬೇಕು, ಇಳಿಸು ಅನ್ನುವ ಗುರುತು ತಟ್ಟೆಯಲ್ಲಿದೆ. ಒಂದೇ ಡಬ್ಬಿಯ ಹಳೇ ಪ್ಲೇಯರ್ ತಾನಾಗಿಯೇ ಇಳಿಸುತ್ತಿತ್ತು. ಎರಡು ಪೆಟ್ಟಿಗೆಯಾದಾಗ ಟ್ರಾನ್ಸ್‌ಪೋರ್ಟ್ ‘ಡ್ಯಾಕ್ ನೋಡಿಕೊಳ್ಳುತ್ತದೆ’ ಅಂದುಕೊಳ್ಳುತ್ತದೆ. ಈಗಿನ ಅನೇಕ ಡ್ಯಾಕ್‌ಗಳು ಆ ಗುರುತನ್ನು ನೋಡುವುದೇ ಇಲ್ಲ. ಧ್ವನಿ ಚುರುಚುರು ಅನ್ನುತ್ತದೆ. ‘ಹೊಸ ಡ್ಯಾಕ್‌ನಲ್ಲಿ ಎಷ್ಟು ವಿವರ ಕೇಳಿಸ್ತಿದೆ!’ ಅಂತ ನಾವು ಖುಷಿಪಡುತ್ತೇವೆ. ಒಂದೇ ಒಂದು ಹಳೇ ತಟ್ಟೆ ಮಾತ್ರ ಕಿವಿಗೆ ಚುಚ್ಚಿದರೆ ಇದನ್ನು ನೆನಪಿಸಿಕೊಳ್ಳಿ. ಎಸ್‌ಎಸಿಡಿ, ಅಂದರೆ ಸಿಡಿಗಿಂತ ಹೆಚ್ಚು ವಿವರ ತುಂಬುವ ಬೇರೆ ಬಗೆಯ ತಟ್ಟೆ, ಇದ್ದವರಿಗೂ ಒಂದು ಮಾತು: ಅದರ ವಿಶೇಷ ಪದರ ಕೋಆಕ್ಸಿಯಲ್‌ನಲ್ಲಿ ಹೊರಬರುವುದಿಲ್ಲ. ಎರಡು ಪದರದ ತಟ್ಟೆಯಾದರೆ ಸಿಡಿ ಪದರವಷ್ಟೇ.

ನಿಮ್ಮ ಜೋಡಿ ಸಿದ್ಧವಾದ ಮೇಲೆ ಒಂದು ಆಟ ಆಡಿ ನೋಡಿ. ಟ್ರಾನ್ಸ್‌ಪೋರ್ಟ್‌ನಿಂದ ಕೋಆಕ್ಸಿಯಲ್, ಆಪ್ಟಿಕಲ್ ಎರಡನ್ನೂ ಒಟ್ಟಿಗೆ ಡ್ಯಾಕ್‌ಗೆ ಹಾಕಿ. ಒಂದೇ ಹಾಡು, ಒಂದೇ ಹೊತ್ತಿಗೆ ಎರಡು ದಾರಿಯಲ್ಲಿ ಬರುತ್ತಿರುತ್ತದೆ. ವಾಲ್ಯೂಮ್ ಮುಟ್ಟಬೇಕಿಲ್ಲ. ರಿಮೋಟ್ ಬೇರೆಯವರ ಕೈಗೆ ಕೊಟ್ಟು ನೀವು ಕಣ್ಣು ಮುಚ್ಚಿ ಕೂರಿ. ನಾನು ಮಗಳ ಕೈಗೆ ಕೊಟ್ಟಿದ್ದೆ. ‘ಈಗ ಕೋಆಕ್ಸಿಯಲ್, ನೋಡು ವೀಣೆ ಎಷ್ಟು ಮುಂದೆ ಬಂತು’ ಅಂದೆ. ‘ಈಗ ಆಪ್ಟಿಕಲ್, ಸ್ವಲ್ಪ ಮಂಕು’ ಅಂದೆ. ಅವಳು ಪುಸ್ತಕದಲ್ಲಿ ಟಿಕ್ ಹಾಕಿಕೊಳ್ಳುತ್ತಿದ್ದಳು. ಮೂರನೇ ಹಾಡು ಮುಗಿದಾಗ ಕಣ್ಣು ಬಿಟ್ಟು ಅಂಕ ಎಷ್ಟು ಅಂತ ಕೇಳಿದೆ. ರಿಮೋಟ್ ಸೋಫಾದ ಮೇಲಿತ್ತು. ಎರಡನೇ ಹಾಡಿನಿಂದ ಅವಳು ಅದನ್ನು ಒತ್ತಿಯೇ ಇರಲಿಲ್ಲ.